ದಿನದಂತ್ಯದ ಡೇಟಾ ಯಾರಿಂದ ಕೊಳ್ಳುವುದು? ಅಮೆರಿಕ, ಲಂಡನ್, ಜರ್ಮನಿ, ಟೋಕಿಯೊ, ಹಾಂಗ್‌ಕಾಂಗ್ ಮತ್ತು ಎನ್‌ಎಸ್‌ಇ

ಸಂಜೆಭಾವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಾರಕ್ಕೊಮ್ಮೆ ಷೇರು ಬದಲಿಸುವ ಮೊಮೆಂಟಂ (ಏರುತ್ತಿರುವ ಷೇರುಗಳನ್ನೇ ಕೊಳ್ಳುವ) ಪದ್ಧತಿಯೊಂದನ್ನು ಮೇಲೆ ಹೇಳಿದ ಆರು ಮಾರುಕಟ್ಟೆಗಳ ಮೇಲೆ ಓಡಿಸಬೇಕು. ಬೇಕಾದದ್ದು ಇಷ್ಟು: ಸುಮಾರು 8,000 ಸಿಂಬಲ್ (ಷೇರಿನ ಚಿಕ್ಕ ಗುರುತು), 2005ರಿಂದ ಈಚೆಗಿನ ಇತಿಹಾಸ, ದಿನಕ್ಕೊಂದು ಸಾಲು (ಓಪನ್, ಹೈ, ಲೋ, ಕ್ಲೋಸ್ ಅಂದರೆ ದಿನದ ಆರಂಭದ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆ, ಮತ್ತು ವಾಲ್ಯೂಮ್ ಅಂದರೆ ಕೈಬದಲಾದ ಷೇರುಗಳ ಸಂಖ್ಯೆ). ವಿದೇಶದ ಭಾಗ ಎಲ್‌ಆರ್‌ಎಸ್ (ನಿವಾಸಿಗಳು ವಿದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಯೋಜನೆ) ಅಡಿ ಕಳಿಸಿದ ದುಡ್ಡು, ಹಾಗಾಗಿ ಮಾರ್ಜಿನ್ (ಸಾಲದ ವಹಿವಾಟು) ಇಲ್ಲ, ಶಾರ್ಟ್ (ಕೈಯಲ್ಲಿಲ್ಲದ ಷೇರು ಮಾರುವುದು) ಇಲ್ಲ, ನಿಮಿಷದ ಡೇಟಾ ಬೇಡ. ಲಿನಕ್ಸ್ ಮತ್ತು ಪೈಥಾನ್ ಬಳಕೆ. ತಿಂಗಳಿಗೆ 60 ಡಾಲರ್ ಒಳಗೆ ಮುಗಿದರೆ ಒಳ್ಳೆಯದು.

ಪ್ರಶ್ನೆಗಳು:

1. ಆರೂ ಮಾರುಕಟ್ಟೆಗೆ ಒಬ್ಬರೇ ಪೂರೈಕೆದಾರರು ಸಾಕೇ, ಅಥವಾ ಮಾರುಕಟ್ಟೆಗೊಬ್ಬರನ್ನು ಹಿಡಿಯಬೇಕೇ?
2. ದುಡ್ಡು ಕಟ್ಟುವ ಮುಂಚೆ ಡೇಟಾ ಚೆನ್ನಾಗಿದೆಯೋ ಇಲ್ಲವೋ ಅಂತ ಪರೀಕ್ಷಿಸುವುದು ಹೇಗೆ?
3. ಒಂದೇ ಷೇರಿನ 2012ರ ಬೆಲೆ ಮೂರು ಕಡೆ ಮೂರು ಥರ ಕಾಣುತ್ತದೆ. ಯಾವುದನ್ನು ನಂಬಬೇಕು?

ಕಚ್ಚಾಬೆಲೆ ಉತ್ತರ:

ಮೂರನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅದು ಬಗೆಹರಿದರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೂರು ಕಡೆ ಮೂರು ಬೆಲೆ ಕಂಡರೆ ಯಾರೋ ತಪ್ಪು ಮಾಡಿದ್ದಾರೆ ಅಂತಲೇ ಅಲ್ಲ. "ಕ್ಲೋಸ್" ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಅಂಕಿಗಳು ಓಡಾಡ್ತಾ ಇವೆ. ಅವತ್ತು ಎಕ್ಸ್‌ಚೇಂಜಿನಲ್ಲಿ ನಿಜವಾಗಿ ಇದ್ದ ಕಚ್ಚಾ ಬೆಲೆ ಒಂದು. ಸ್ಪ್ಲಿಟ್ (ಒಂದು ಷೇರನ್ನ ಹಲವಾಗಿ ಒಡೆಯೋದು) ಮತ್ತು ಬೋನಸ್‌ಗೆ (ಪುಕ್ಕಟೆ ಕೊಡೋ ಹೆಚ್ಚುವರಿ ಷೇರು) ಮಾತ್ರ ಸರಿಹೊಂದಿಸಿದ ಬೆಲೆ ಇನ್ನೊಂದು. ಅದರ ಜೊತೆಗೆ ಡಿವಿಡೆಂಡನ್ನೂ (ಷೇರುದಾರರಿಗೆ ಹಂಚೋ ಲಾಭ) ಲೆಕ್ಕಕ್ಕೆ ತಗೊಂಡದ್ದು ಮೂರನೆಯದು.

ಯಾಹೂ ಫೈನಾನ್ಸ್‌ನ "ಕ್ಲೋಸ್" ಎರಡನೇ ಜಾತಿ, "ಅಡ್ಜಸ್ಟೆಡ್ ಕ್ಲೋಸ್" ಮೂರನೇ ಜಾತಿ. ಸ್ಪ್ಲಿಟ್‌ಗೆ ಮುಂಚಿನ ಕಚ್ಚಾ ಬೆಲೆ ಅಲ್ಲಿ ಸಿಗೋದೇ ಇಲ್ಲ. ಯಾಹೂನಿಂದ ಎಳೆಯುವ ವೈಫೈನಾನ್ಸ್ ಲೈಬ್ರರಿಯ ಈಗಿನ ಆವೃತ್ತಿಗಳಲ್ಲಿ ನೀವು ಏನೂ ಹೇಳದಿದ್ದರೆ "ಕ್ಲೋಸ್" ಕಾಲಂನಲ್ಲೇ ಮೂರನೇ ಜಾತಿ ಬಂದು ಕೂರುತ್ತೆ, ಹಳೇ ಕೋಡ್ ಇದ್ದವರು ಆಟೋ ಅಡ್ಜಸ್ಟ್ ಆಯ್ಕೆ ನೋಡಿಕೊಳ್ಳಬೇಕು. ಇಂಟರ್‌ಆ್ಯಕ್ಟಿವ್ ಬ್ರೋಕರ್ಸ್ ಅನ್ನೋ ಬ್ರೋಕರ್ ಸಂಸ್ಥೆಯ ಎಪಿಐನಲ್ಲಿ (ಪ್ರೋಗ್ರಾಂ ನೇರವಾಗಿ ಡೇಟಾ ಕೇಳೋ ದಾರಿ) "ಟ್ರೇಡ್ಸ್" ಅಂತ ಕೇಳಿದರೆ ಎರಡನೆಯದು, "ಅಡ್ಜಸ್ಟೆಡ್ ಲಾಸ್ಟ್" ಅಂತ ಕೇಳಿದರೆ ಮೂರನೆಯದು. ಟೀಂಗೋ ಅನ್ನೋ ಪೂರೈಕೆದಾರರಲ್ಲಿ ಕಚ್ಚಾ ಮತ್ತು ಸರಿಹೊಂದಿಸಿದ ಅಂಕಿ ಪಕ್ಕಪಕ್ಕದಲ್ಲೇ ಇರುತ್ತವೆ, ಜೊತೆಗೆ ಆ ದಿನದ ಡಿವಿಡೆಂಡ್ ಮತ್ತು ಸ್ಪ್ಲಿಟ್ ಅನುಪಾತ. ಇಒಡಿಎಚ್‌ಡಿ ಅನ್ನೋ ಇನ್ನೊಬ್ಬ ಪೂರೈಕೆದಾರರಲ್ಲಿ ಓಪನ್, ಹೈ, ಲೋ, ಕ್ಲೋಸ್ ಕಚ್ಚಾ, ಬೆಲೆಗಳ ಪೈಕಿ "ಅಡ್ಜಸ್ಟೆಡ್ ಕ್ಲೋಸ್" ಕಾಲಂ ಮಾತ್ರ ಸರಿಹೊಂದಿಸಿದ್ದು. ಅಲ್ಲಿ ಕಚ್ಚಾ ಹೈ ಮತ್ತು ಸರಿಹೊಂದಿಸಿದ ಕ್ಲೋಸ್ ಒಟ್ಟಿಗೆ ಹಾಕಿ ಎಟಿಆರ್ (ದಿನದ ಸರಾಸರಿ ಏರಿಳಿತ) ಲೆಕ್ಕ ಹಾಕಿದರೆ ಬರೋ ಸಂಖ್ಯೆಗೆ ಅರ್ಥವೇ ಇರಲ್ಲ. ಸರಿಹೊಂದಿಸಿದ ಕ್ಲೋಸ್ ಭಾಗಿಸು ಕಚ್ಚಾ ಕ್ಲೋಸ್, ಆ ಅನುಪಾತದಿಂದ ಉಳಿದ ಮೂರನ್ನೂ ಗುಣಿಸಿಕೊಳ್ಳಿ.

ಲೆಕ್ಕ ಹೀಗೆ. ಎಕ್ಸ್ ದಿನದ (ಅವತ್ತಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗಲ್ಲ) ಹಿಂದಿನ ಕ್ಲೋಸ್ 100, ಡಿವಿಡೆಂಡ್ 2 ಅಂದರೆ ಗುಣಕ 1 − 2/100 = 0.98. ಆ ದಿನಕ್ಕಿಂತ ಹಿಂದಿನ ಎಲ್ಲ ಬೆಲೆಗಳನ್ನೂ 0.98ರಿಂದ ಗುಣಿಸಬೇಕು. ಮುಂದಿನ ಡಿವಿಡೆಂಡ್ ಬಂದಾಗ ಮತ್ತೆ ಎಲ್ಲವನ್ನೂ ಗುಣಿಸಬೇಕು. ಅಂದರೆ ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಕೊಡೋ ಷೇರಿನಲ್ಲಿ ಇತಿಹಾಸದ ಪ್ರತಿ ಅಂಕಿ ವರ್ಷಕ್ಕೆ ನಾಲ್ಕು ಸಲ ಬದಲಾಗುತ್ತೆ. ಹೋದ ತಿಂಗಳು ಇಳಿಸಿಕೊಂಡ ಸರಿಹೊಂದಿಸಿದ ಫೈಲಿನ ಬಾಲಕ್ಕೆ ಇವತ್ತಿನ ಸಾಲು ಅಂಟಿಸಿದರೆ ಕೂಡುವ ಜಾಗದಲ್ಲಿ ಸುಳ್ಳು ಜಿಗಿತ ಬರುತ್ತೆ. ಎನ್‌ವಿಡಿಯಾ 2024ರ ಜೂನ್ 7ಕ್ಕೆ 1208.88 ಡಾಲರ್, ಒಂದಕ್ಕೆ ಹತ್ತು ಸ್ಪ್ಲಿಟ್ ಆಗಿ ಜೂನ್ 10ಕ್ಕೆ 121.79. ಬರೇ ಅಂಟಿಸುವ ಕೋಡ್ ಇದನ್ನ 90% ಕುಸಿತ ಅಂತ ಓದಿ ಸ್ಟಾಪ್‌ಲಾಸ್ (ನಷ್ಟ ತಡೆಯೋಕೆ ತಾನೇ ಮಾರೋ ಆದೇಶ) ಹೊಡೆಯುತ್ತೆ.

ಸರಿಹೊಂದಿಸಿದ ಬೆಲೆಯೊಂದನ್ನೇ ಇಟ್ಟುಕೊಂಡರೆ ಇನ್ನೊಂದು ಗುಪ್ತ ತೊಂದರೆ ಇದೆ. "5 ಡಾಲರ್‌ಗಿಂತ ಕಡಿಮೆಯವು ಬೇಡ" ಅಂತ ಎಲ್ಲರೂ ಸೋಸುತ್ತಾರೆ. 2014ರ ಕೊನೆಗೆ ಎನ್‌ವಿಡಿಯಾ ಸುಮಾರು 20 ಡಾಲರ್ ಇತ್ತು. ಆಮೇಲೆ 4 ಮತ್ತು 10ರ ಸ್ಪ್ಲಿಟ್ ಆಗಿ ಒಟ್ಟು 40 ಪಟ್ಟು. ಇವತ್ತಿನ ಸರಿಹೊಂದಿಸಿದ ಸರಣಿಯಲ್ಲಿ ಅದೇ ದಿನದ ಬೆಲೆ 50 ಸೆಂಟ್ ಆಸುಪಾಸು. ನಿಮ್ಮ ಸೋಸುವಿಕೆ ಎನ್‌ವಿಡಿಯಾವನ್ನೇ ಆಚೆ ಹಾಕಿತು. ಆಗ ಇದ್ದ ಬೆಲೆಯಲ್ಲ, ಹತ್ತು ವರ್ಷ ಆದಮೇಲೆ ಆಗಲಿರುವ ಸ್ಪ್ಲಿಟ್ ಅದನ್ನ ತೀರ್ಮಾನ ಮಾಡಿತು. ಕೊಳೆತ ಕಂಪನಿಗಳಲ್ಲಿ ಇದರ ತಿರುಗುಮುರುಗು: ಮೇಲಿಂದ ಮೇಲೆ ರಿವರ್ಸ್ ಸ್ಪ್ಲಿಟ್ (ಹಲವು ಷೇರು ಸೇರಿಸಿ ಒಂದು ಮಾಡೋದು) ಮಾಡಿದವುಗಳ ಹಳೆಯ ಬೆಲೆ ಸಾವಿರಾರು ಡಾಲರ್ ಕಾಣುತ್ತೆ, ಸೋಸುವಿಕೆಯಲ್ಲಿ ಪಾಸಾಗುತ್ತೆ.

ಆದ್ದರಿಂದ ಎರಡು ಕೋಷ್ಟಕ ಇಟ್ಟುಕೊಳ್ಳಿ: ಎಂದೂ ಬದಲಾಗದ ಕಚ್ಚಾ ಬೆಲೆ ಒಂದರಲ್ಲಿ, ಎಕ್ಸ್ ದಿನಾಂಕದ ಜೊತೆ ಸ್ಪ್ಲಿಟ್, ಬೋನಸ್, ಡಿವಿಡೆಂಡ್, ಡಿಮರ್ಜರ್ (ಕಂಪನಿಯ ಒಂದು ಭಾಗ ಬೇರೆ ಕಂಪನಿಯಾಗೋದು) ಇನ್ನೊಂದರಲ್ಲಿ. ಬೆಲೆ ಮತ್ತು ವಾಲ್ಯೂಮ್ ಸೋಸುವಿಕೆ ಕಚ್ಚಾದ ಮೇಲೆ, ಆದಾಯದ ಲೆಕ್ಕ ಸರಿಹೊಂದಿಸಿದ್ದರ ಮೇಲೆ. ಈ ಎರಡನ್ನೂ ಬಿಡಿಬಿಡಿಯಾಗಿ ಕೊಡದ ಪೂರೈಕೆದಾರರನ್ನ ನಾನಂತೂ ಪಟ್ಟಿಗೇ ಸೇರಿಸಲ್ಲ. ಬೆಲೆ ಎಲ್ಲರ ಹತ್ತಿರವೂ ಸಿಗುತ್ತೆ, ದುಡ್ಡು ಕೊಡಬೇಕಾದ್ದು ಆ ಎರಡನೇ ಕೋಷ್ಟಕಕ್ಕೆ.

ಡಿಮರ್ಜರ್‌ಗಳಲ್ಲೇ ಅಗ್ಗದ ಡೇಟಾ ಹೆಚ್ಚು ಎಡವೋದು. 2023ರ ಜುಲೈ 20ಕ್ಕೆ ರಿಲಯನ್ಸ್‌ನಿಂದ ಜಿಯೋ ಫೈನಾನ್ಷಿಯಲ್ ಬೇರೆಯಾಯಿತು. ಎನ್‌ಎಸ್‌ಇಯಲ್ಲಿ ಹಿಂದಿನ ಕ್ಲೋಸ್ 2841.85, ವಿಶೇಷ ಪ್ರೀ-ಓಪನ್‌ನಲ್ಲಿ (ಮಾರುಕಟ್ಟೆ ತೆರೆಯೋ ಮುಂಚಿನ ಅವಧಿ) ಸಿಕ್ಕ ಬೆಲೆ 2580, ವ್ಯತ್ಯಾಸ 261.85. ಗುಣಕ 2580/2841.85 = 0.9079. ಈ ಗುಣಕ ಹಾಕದ ಸರಣಿಯಲ್ಲಿ ರಿಲಯನ್ಸ್ ಒಂದೇ ದಿನ 9% ಬಿದ್ದ ಹಾಗೆ ಕಾಣುತ್ತೆ. ಯಾವ ಪೂರೈಕೆದಾರರನ್ನಾದರೂ ಮೊದಲು ಈ ಒಂದು ದಿನದಲ್ಲಿ ತಾಳೆ ನೋಡಿ.

ಟೊರೊಂಟೊ_ಕನ್ನಡಿಗ ಉತ್ತರ:

ಮೊದಲ ಪ್ರಶ್ನೆಗೆ ನೇರವಾಗಿ: 60 ಡಾಲರ್ ಒಳಗೆ ಹಲವು ಮಾರುಕಟ್ಟೆಗೆ ಒಬ್ಬರೇ ಸಿಗುತ್ತಾರೆ, ಆದರೆ ಆರೂ ಸಿಗುತ್ತವೆ ಎಂದು ಹೇಳಲಾಗದು, ಸಿಕ್ಕವುಗಳಲ್ಲೂ ಒಂದೇ ಗುಣಮಟ್ಟ ಇರುವುದಿಲ್ಲ. ಯಾರ ಡೇಟಾವೇ ಆಗಲಿ, ಅಮೆರಿಕದ ಭಾಗ ಚೆನ್ನಾಗಿರುತ್ತದೆ. ದೂರ ಹೋದಷ್ಟೂ ಕಾರ್ಪೊರೇಟ್ ಘಟನೆಗಳು (ಸ್ಪ್ಲಿಟ್, ಡಿವಿಡೆಂಡ್ ಥರದವು) ಸೋರಿಹೋಗುತ್ತವೆ.

ನಿಮ್ಮ ಅಗತ್ಯಕ್ಕೆ ಹತ್ತಿರ ಬರುವವರು:

ಇಒಡಿಎಚ್‌ಡಿ. ಪ್ರಪಂಚದ ಹಲವು ಎಕ್ಸ್‌ಚೇಂಜ್‌ಗಳು ಒಂದೇ ಎಪಿಐನಲ್ಲಿ. ವೈಯಕ್ತಿಕ ಬಳಕೆಯ ದಿನದಂತ್ಯದ ಯೋಜನೆ ತಿಂಗಳಿಗೆ 20 ಡಾಲರ್ ಆಸುಪಾಸು, ಇವತ್ತಿನ ದರವನ್ನು ಅವರ ಪುಟದಲ್ಲೇ ನೋಡಿ. ಇಡೀ ಎಕ್ಸ್‌ಚೇಂಜಿನ ಒಂದು ದಿನದ ಡೇಟಾವನ್ನು ಒಂದೇ ಕೋರಿಕೆಯಲ್ಲಿ ಕೊಡುವ ಬಲ್ಕ್ ಸೌಲಭ್ಯ ಇದೆ. ಅದು 100 ಕರೆಗಳಿಗೆ ಸಮ, ದಿನದ ಮಿತಿ 1,00,000. ಆರು ಎಕ್ಸ್‌ಚೇಂಜ್ ಅಂದರೆ 600 ಕರೆ. ಒಂದೊಂದೇ ಸಿಂಬಲ್ ಕೇಳಿದರೆ 8,000 ಕರೆ ಮತ್ತು ಗಂಟೆಗಟ್ಟಲೆ ಸಮಯ. ಮೊದಲ ಸಲ ಇತಿಹಾಸ ತುಂಬುವಾಗ ಮಾತ್ರ ಸಿಂಬಲ್‌ವಾರು ಕೇಳಿ, ಆಮೇಲೆ ಬಲ್ಕ್. ಚಂದಾ ಕಟ್ಟುವ ಮೊದಲು ನಿಮ್ಮ ಆರೂ ಎಕ್ಸ್‌ಚೇಂಜ್, ಮುಖ್ಯವಾಗಿ ಟೋಕಿಯೊ ಮತ್ತು ಹಾಂಗ್‌ಕಾಂಗ್, ಅವರ ಈಗಿನ ಪಟ್ಟಿಯಲ್ಲಿ ಇವೆಯೇ ಎಂದು ನೋಡಿಕೊಳ್ಳಿ. ಪರವಾನಗಿ ಕಾರಣಕ್ಕೆ ಎಕ್ಸ್‌ಚೇಂಜ್‌ಗಳು ಯಾರ ಪಟ್ಟಿಯಿಂದಲಾದರೂ ಬಂದು ಹೋಗುತ್ತಿರುತ್ತವೆ.

ನಾರ್ಗೇಟ್. ಆಸ್ಟ್ರೇಲಿಯಾದ ಪರ್ತ್‌ನವರು. ಅಮೆರಿಕ, ಆಸ್ಟ್ರೇಲಿಯಾ, ಕೆನಡಾ ಷೇರುಗಳಿಗೆ ಸಾಮಾನ್ಯ ಟ್ರೇಡರ್ ಕೈಗೆಟುಕುವ ಬೆಲೆಯಲ್ಲಿ ಇದಕ್ಕಿಂತ ಶುಚಿಯಾದದ್ದು ನನಗೆ ಕಾಣುವುದಿಲ್ಲ. ಡಿಲಿಸ್ಟ್ ಆದ (ಎಕ್ಸ್‌ಚೇಂಜಿನಿಂದ ಹೊರಬಿದ್ದ) ಕಂಪನಿಗಳೂ, ಯಾವ ದಿನ ಯಾವ ಷೇರು ಎಸ್ ಅಂಡ್ ಪಿ 500ರಲ್ಲಿ (ಅಮೆರಿಕದ ದೊಡ್ಡ ಕಂಪನಿಗಳ ಸೂಚ್ಯಂಕ) ಇತ್ತು ಎಂಬ ಇತಿಹಾಸವೂ ಮೇಲಿನ ಹಂತದ ಚಂದಾದಲ್ಲಿ ಸಿಗುತ್ತವೆ. ಆದರೆ ಅವರ ತಂತ್ರಾಂಶ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಲಂಡನ್, ಟೋಕಿಯೊ, ಹಾಂಗ್‌ಕಾಂಗ್ ಇಲ್ಲ. ಲಿನಕ್ಸ್‌ನವರು ಒಂದು ವರ್ಚುವಲ್ ಯಂತ್ರದಲ್ಲಿ ವಿಂಡೋಸ್ ಇಟ್ಟು ಅಲ್ಲಿಂದ ಪಾರ್ಕೆ (ಕೋಷ್ಟಕವನ್ನು ಒತ್ತಿ ಚಿಕ್ಕದಾಗಿಡುವ ವಿನ್ಯಾಸ) ಫೈಲ್ ಮಾಡಿ ಈಚೆ ತರಬೇಕಾಗುತ್ತದೆ.

ಶರದಾರ್. ನಾಸ್ಡಾಕ್ ಡೇಟಾ ಲಿಂಕ್ ಮೂಲಕ. ಅಮೆರಿಕ ಮಾತ್ರ, 1998ರಿಂದ, ಡಿಲಿಸ್ಟ್ ಆದವು ಸೇರಿ. ಕೋಷ್ಟಕವಾಗಿ ಇಳಿಸಿಕೊಳ್ಳಬಹುದು, ಲಿನಕ್ಸ್‌ಗೆ ತೊಡಕಿಲ್ಲ.

ಸ್ಟೂಕ್. ಪೋಲೆಂಡಿನ ಉಚಿತ ತಾಣ, ಅಮೆರಿಕ, ಬ್ರಿಟನ್, ಜಪಾನ್, ಹಾಂಗ್‌ಕಾಂಗ್ ದಿನದ ಡೇಟಾ ಇದೆ. ಮುಖ್ಯ ಮೂಲವಾಗಿ ಬೇಡ, ತಾಳೆ ನೋಡಲು ತುಂಬ ಒಳ್ಳೆಯದು.

ಆಲ್ಫಾ ವ್ಯಾಂಟೇಜ್ ಉಚಿತ ಹಂತ ದಿನಕ್ಕೆ 25 ಕೋರಿಕೆ. 8,000 ಸಿಂಬಲ್‌ಗೆ ಅದು ಲೆಕ್ಕಕ್ಕಿಲ್ಲ.

ಇಂಟರ್‌ಆ್ಯಕ್ಟಿವ್ ಬ್ರೋಕರ್ಸ್ ಖಾತೆ ಇದ್ದರೆ ಅಲ್ಲಿಂದಲೇ ಎಳೆಯೋಣ ಅನ್ನಿಸುತ್ತದೆ. ಮಾಡಬೇಡಿ. ಡಿಲಿಸ್ಟ್ ಆದವು ಸಿಗುವುದಿಲ್ಲ, ಕೆಲವು ಬಗೆಯ ವಹಿವಾಟುಗಳನ್ನು ಸೋಸಿ ತೆಗೆದಿರುವುದರಿಂದ ವಾಲ್ಯೂಮ್ ಬೇರೆಡೆಗಿಂತ ಕಡಿಮೆ ಕಾಣುತ್ತದೆ, ಎಕ್ಸ್‌ಚೇಂಜ್‌ವಾರು ಡೇಟಾ ಚಂದಾ ಬೇರೆ. ಆರ್ಡರ್ ಹಾಕುವ ಮುಂಚೆ ನಿನ್ನೆಯ ಕ್ಲೋಸ್ ಹೊಂದುತ್ತಿದೆಯೇ ಎಂದು ನೋಡಲು ಮಾತ್ರ ಬಳಸಿ.

ಎನ್‌ಎಸ್‌ಇಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಭಾವ್‌ಕಾಪಿ (ಆ ದಿನದ ಎಲ್ಲ ಷೇರುಗಳ ಬೆಲೆಪಟ್ಟಿ) ಎಕ್ಸ್‌ಚೇಂಜ್ ತಾಣದಲ್ಲೇ ಪ್ರತಿ ಸಂಜೆ ಸಿಗುತ್ತದೆ, ಶುದ್ಧ ಕಚ್ಚಾ ಬೆಲೆ, ಐಎಸ್‌ಐಎನ್ (ಷೇರಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಸಹಿತ. 2024ರ ಜುಲೈ 8ರಿಂದ ಯುಡಿಫ್ ಎಂಬ ಹೊಸ ವಿನ್ಯಾಸಕ್ಕೆ ಬದಲಾಗಿದೆ. ಫೈಲಿನ ಹೆಸರು, ಕಾಲಂ ಹೆಸರು ಎರಡೂ ಬೇರೆ, ಆದ್ದರಿಂದ ಇತಿಹಾಸ ತುಂಬಲು ಎರಡು ಓದುವ ಕೋಡ್ ಬೇಕು. ಅದೇ ಭಾವ್‌ಕಾಪಿಯಲ್ಲಿ ಬಾಂಡ್, ಎಸ್‌ಎಂಇ, ಬಿಇ ಸರಣಿ ಎಲ್ಲವೂ ಇರುತ್ತವೆ. ಇಕ್ಯೂ (ಮಾಮೂಲಿ ಷೇರುಗಳ ಸರಣಿ) ಮಾತ್ರ ಸೋಸಿಕೊಂಡರೆ ಟ್ರೇಡ್-ಟು-ಟ್ರೇಡ್‌ಗೆ (ಅದೇ ದಿನ ಕೊಂಡು ಮಾರಲಾಗದ ಬಿಇ ಸರಣಿ) ಹೋದ ಷೇರಿನ ಇತಿಹಾಸದಲ್ಲಿ ತೂತು ಬೀಳುತ್ತದೆ, ಹಾಗಾಗಿ ಇಕ್ಯೂ ಮತ್ತು ಬಿಇ ಎರಡನ್ನೂ ಜೋಡಿಸಿ.

ಕೊನೆಗೆ ಒಂದು ಎಚ್ಚರಿಕೆ. ಪೂರೈಕೆದಾರರು ಮುಚ್ಚಿಹೋಗುತ್ತಾರೆ. ಕ್ವಾಂಡಲ್‌ನ ಉಚಿತ ವಿಕಿ ಬೆಲೆ ಸಂಗ್ರಹ 2018ರ ಮಾರ್ಚ್ ಕೊನೆಗೆ ನಿಂತಿತು. ಐಇಎಕ್ಸ್ ಕ್ಲೌಡ್ 2024ರ ಆಗಸ್ಟ್ 31ಕ್ಕೆ ಬಾಗಿಲು ಹಾಕಿತು. ಯಾಹೂ ತನ್ನ ಹಳೆಯ ಎಪಿಐಯನ್ನು 2017ರಲ್ಲೇ ತೆಗೆದಿತ್ತು, 2024ರಲ್ಲಿ ಸಿಎಸ್‌ವಿ ಇಳಿಸುವ ಗುಂಡಿಯನ್ನೂ ಹಣ ಕಟ್ಟಿದವರಿಗೆ ಮಾತ್ರ ಮಾಡಿತು. ನಿಮ್ಮ ಕೋಡ್‌ನಲ್ಲಿ ಪೂರೈಕೆದಾರರ ಕಾಲಂ ಹೆಸರು ಒಂದೇ ಒಂದು ಫೈಲಿನಲ್ಲಿ ಬರಬೇಕು. ಅಲ್ಲಿಂದ ಆಚೆಗೆ ನಿಮ್ಮದೇ ಹೆಸರುಗಳು.

ಹುಬ್ಬಳ್ಳಿ_ಡೇಟಾ ಉತ್ತರ:

ಸಿಂಬಲ್ ವಿಚಾರ ಯಾರೂ ಎತ್ತಿಲ್ಲ, ಅದಕ್ಕ ಬರೀಲಿಕ್ಕತ್ತೇನಿ. ಡೇಟಾ ಚಲೋನ ಇರತೈತಿ, ನಿಮ್ಮ ಕಂಪ್ಯೂಟರ್ ಒಳಗ ಬಂದ ಮ್ಯಾಲೆ ಕೆಡತೈತಿ ನೋಡ್ರಿ.

ಹಾಂಗ್‌ಕಾಂಗ್‌ದಾಗ ಟೆನ್ಸೆಂಟ್ ನಂಬರ್ 700. ಒಬ್ಬರು 0700 ಅಂತಾರ, ಇನ್ನೊಬ್ಬರು 00700 ಅಂತಾರ, ಎಕ್ಸೆಲ್‌ದಾಗ ತೆರದು ಉಳಿಸಿದ್ರಿ ಅಂದ್ರ ಬರೇ 700 ಉಳೀತೈತಿ. ಮುಂದ ಚೀನಾ ಸೇರಿಸೋರಿದ್ರ ಇದು ಇನ್ನೂ ಕೆಟ್ಟ: 000001 ಅಂದ್ರ ಶೆನ್‌ಝೆನ್‌ದಾಗ ಪಿಂಗ್ ಆನ್ ಬ್ಯಾಂಕು, ಶಾಂಘೈದಾಗ ಅದೇ ನಂಬರು ಸೂಚ್ಯಂಕದ್ದು. ಟೋಕಿಯೊ ಕೋಡು ನಾಲ್ಕು ಅಂಕಿ ಅಂತ ಪೂರ್ಣಾಂಕದ ಕಾಲಂ ಮಾಡಿದ್ರ, 2024ರ ಜನವರಿಯಿಂದ ಹೊಸಾ ಕಂಪನಿಗಳಿಗೆ 130ಎ ಥರ ಅಕ್ಷರ ಸೇರಿದ ಕೋಡು ಕೊಡಾಕ ಹತ್ಯಾರ, ಅಲ್ಲೇ ಪ್ರೋಗ್ರಾಂ ನಿಲ್ತೈತಿ. ಸಿಂಬಲ್ ಯಾವತ್ತೂ ಪಠ್ಯ, ಸಂಖ್ಯೆ ಅಲ್ಲ.

ಕೆನಡಾದ ನ್ಯಾಷನಲ್ ಬ್ಯಾಂಕಿನ ಸಿಂಬಲ್ ಎನ್‌ಎ. ಪೈಥಾನ್‌ದ ಪಾಂಡಾಸ್ ಲೈಬ್ರರಿ ಅದನ್ನ "ಮೌಲ್ಯ ಇಲ್ಲ" ಅಂತ ತಿಳಕೊಂಡು ಖಾಲಿ ಮಾಡತೈತಿ. ಸಿಎಸ್‌ವಿ ಓದುವಾಗ ಆ ಡೀಫಾಲ್ಟ್ ಪಟ್ಟಿ ಬಂದ್ ಮಾಡ್ರಿ. ನಾರ್ಗೇಟ್ ಸಲುವಾಗಿ ವಿಂಡೋಸ್ ಹಾಕಿಕೊಂಡ್ರಿ ಅಂದ್ರ ಇನ್ನೊಂದೈತಿ: ಜರ್ಮನಿಯ ಕಾಂಟಿನೆಂಟಲ್ ಕಂಪನಿ ಸಿಂಬಲ್ ಸಿಒಎನ್. ವಿಂಡೋಸ್‌ದಾಗ ಆ ಹೆಸರಿನ ಫೈಲ್ ಮಾಡಾಕ ಬರಂಗಿಲ್ಲ, ಸಿಸ್ಟಮ್ಮಿಗೇ ಮೀಸಲಾದ ಹೆಸರು ಅದು. ಎಲ್ಲಾ ಫೈಲ್ ಹೆಸರಿಗೂ ಎಕ್ಸ್‌ಚೇಂಜಿನ ಎಂಐಸಿ ಕೋಡು (ಎಕ್ಸ್‌ಚೇಂಜ್ ಗುರುತಿಸೋ ನಾಕು ಅಕ್ಷರ) ಮುಂದ ಹಚ್ಚ್ರಿ, ಎಕ್ಸ್‌ಎನ್‌ಎಸ್‌ಇ, ಎಕ್ಸ್‌ಎಲ್‌ಒಎನ್, ಎಕ್ಸ್‌ಟಿಕೆಎಸ್ ಹಿಂಗ. ಹಂಗ ಮಾಡಿದ್ರ ಈ ಫೈಲ್ ಹೆಸರಿನ ತೊಂದರೆ ಹೋಗತೈತಿ.

ಸಿಂಬಲ್ ಬದಲಾಗತಾವ, ಮತ್ತ ಬ್ಯಾರೇದವರಿಗೂ ಹೋಗತಾವ. ಫೇಸ್‌ಬುಕ್ಕಿನ ಎಫ್‌ಬಿ 2022ರ ಜೂನ್ 9ಕ್ಕ ಮೆಟಾ ಆತು. ಅದೇ ವರ್ಷ ಜನವರಿ ತನಕಾ ಮೆಟಾ ಅನ್ನೋ ಸಿಂಬಲ್ ಒಂದು ಇಟಿಎಫ್ (ಷೇರಿನಂಗ ಮಾರೋ ನಿಧಿ) ಹೆಸರಲ್ಲಿತ್ತು. ಸಿಂಬಲ್ ಮ್ಯಾಲೆ ಜೋಡಿಸೋ ಡೇಟಾದಾಗ ಇಟಿಎಫ್ ಬೆಲೆ ಕಂಪನಿ ಇತಿಹಾಸಕ್ಕ ಅಂಟಿಕೊಂಡಿರತೈತಿ. ನಮ್ಮ ಇನ್ಫೋಸಿಸ್ ಎನ್‌ಎಸ್‌ಇದಾಗ 2011ರ ತನಕಾ ಇನ್ಫೋಸಿಸ್‌ಟೆಕ್ ಅಂತ ಇತ್ತು, ಆಮ್ಯಾಲೆ ಇನ್ಫಿ ಆತು. ಹಳೇ ಭಾವ್‌ಕಾಪಿ ತುಂಬಿಸಿದ್ರ ಎರಡು ಕಂಪನಿ ಆಗಿ ಕುಂದರತಾವ. ಐಎಸ್‌ಐಎನ್ ಹಿಡಕೊಂಡ್ರ ಸರಿಹೋಗತೈತಿ ಅಂತ ಅನ್ನಬ್ಯಾಡ್ರಿ, ಭಾರತದಾಗ ಮುಖಬೆಲೆ ಸ್ಪ್ಲಿಟ್ ಆದ್ರ ಐಎಸ್‌ಐಎನ್ನೂ ಬದಲಾಗತೈತಿ. ನಿಮ್ಮದೇ ಒಂದು ಒಳಗಿನ ನಂಬರ್ ಕೊಟ್ಟು, "ಈ ದಿನದಿಂದ ಈ ದಿನದ ತನಕಾ ಈ ಸಿಂಬಲ್, ಈ ಐಎಸ್‌ಐಎನ್" ಅನ್ನೋ ಕೋಷ್ಟಕ ಇಡ್ರಿ. ವಿದೇಶಿ ಷೇರಿಗೆ ಓಪನ್‌ಫಿಗಿ ಅನ್ನೋ ಸೇವಾ ಪುಕ್ಕಟೆ ಐತಿ, ಅದರ ಫಿಗಿ ಅನ್ನೋ ಗುರುತಿನ ನಂಬರ್ ಜೋಡಿಸಿಕೊಂಡ್ರ ಚಲೋ.

ಲಂಡನ್ ಬಗ್ಗೆ ಒಂದು ಮಾತು. ಅಲ್ಲಿ ಬೆಲೆ ಪೌಂಡ್ ಅಲ್ಲ, ಪೆನ್ಸ್. ನೂರು ಪೆನ್ಸಿಗೆ ಒಂದು ಪೌಂಡ್. ಆದ್ರ ಎಲ್ಲಾನೂ ಹಂಗಿಲ್ಲ, ಕೆಲವು ಇಟಿಎಫ್ ಪೌಂಡಿನಾಗ, ಕೆಲವು ಡಾಲರ್‌ನಾಗ ಇರತಾವ. ಡಿವಿಡೆಂಡ್ ಇನ್ನೊಂದು ಕರೆನ್ಸಿದಾಗ ಘೋಷಣಾ ಆಗಿರತೈತಿ, ಎಚ್‌ಎಸ್‌ಬಿಸಿ ಡಾಲರ್‌ನಾಗ ಮಾಡತೈತಿ. ಬೆಲೆ 500 ಪೆನ್ಸ್, ಡಿವಿಡೆಂಡ್ 0.10 ಪೌಂಡ್ ಅಂದ್ರ ಗುಣಕ 0.98 ಬರಬೇಕು. ಘಟಕ ನೋಡದೇ ಭಾಗಿಸಿದ್ರ 0.9998 ಬರತೈತಿ, ಡಿವಿಡೆಂಡ್ ಇಲ್ಲೇ ಇಲ್ಲ ಅನ್ನೋ ಹಂಗ. ಈ ತಪ್ಪು ಚಾರ್ಟ್‌ದಾಗ ಕಣ್ಣಿಗೆ ಬೀಳಂಗಿಲ್ಲ, ಇಪ್ಪತ್ತು ವರ್ಷದ ಆದಾಯದಾಗ ಮಾತ್ರ ಅರ್ಧಕ್ಕರ್ಧ ಗಾಯಬ್ ಆಗಿರತೈತಿ.

ಸಂಜೆಭಾವ:

ತುಂಬ ಉಪಕಾರವಾಯಿತು, ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂದೇಹ. ಡಿಲಿಸ್ಟ್ ಆದ ಕಂಪನಿಗಳಿಗೆ ಹೆಚ್ಚು ದುಡ್ಡು ಕೊಡುವುದು ನನ್ನಂಥ ಚಿಕ್ಕ ಖಾತೆಗೆ ನಿಜಕ್ಕೂ ಬೇಕೇ? ಮತ್ತೆ ಎನ್‌ಎಸ್‌ಇ ಭಾವ್‌ಕಾಪಿಯ ಕ್ಲೋಸ್‌ಗೂ ಚಾರ್ಟ್‌ನಲ್ಲಿ ಕಾಣುವ ಕೊನೆಯ ಬೆಲೆಗೂ ಕೆಲವು ರೂಪಾಯಿ ವ್ಯತ್ಯಾಸ ಬರುತ್ತಿದೆ, ಸ್ಪ್ಲಿಟ್ ಡಿವಿಡೆಂಡ್ ಏನೂ ಇಲ್ಲದ ದಿನವೂ.

ಕಚ್ಚಾಬೆಲೆ ಉತ್ತರ:

ಎರಡನೆಯದು ಸುಲಭ. ನಿಮ್ಮ ಹಳೆಯ ಭಾವ್‌ಕಾಪಿಗಳಲ್ಲಿರೋ ಕ್ಲೋಸ್ ಅನ್ನೋದು ಕೊನೇ ವಹಿವಾಟಿನ ಬೆಲೆಯಲ್ಲ, ಮಧ್ಯಾಹ್ನ 3ರಿಂದ 3:30ರ ವರೆಗಿನ ವಹಿವಾಟುಗಳ ತೂಕದ ಸರಾಸರಿ. ಕೊನೇ ವಹಿವಾಟಿನ ಬೆಲೆ ಪಕ್ಕದ "ಲಾಸ್ಟ್" ಕಾಲಂನಲ್ಲಿದೆ. ಆ ಸರಾಸರಿ ಬೆಲೆಗೇ ನಿಮಗೆ ಷೇರು ಸಿಗುತ್ತೆ ಅನ್ನೋ ಖಾತ್ರಿ ಇಲ್ಲ, ಹಾಗಾಗಿ ಬ್ಯಾಕ್‌ಟೆಸ್ಟ್‌ನಲ್ಲಿ (ಹಳೇ ಡೇಟಾದ ಮೇಲೆ ಪದ್ಧತಿ ಓಡಿಸಿ ನೋಡೋ ಪರೀಕ್ಷೆ) ಮಾರನೇ ದಿನದ ಓಪನ್‌ಗೆ ಕೊಳ್ಳೋ ಲೆಕ್ಕ ಹಾಕಿ. ಲಂಡನ್, ಫ್ರಾಂಕ್‌ಫರ್ಟ್, ಹಾಂಗ್‌ಕಾಂಗ್‌ನಲ್ಲಿ ಕ್ಲೋಸಿಂಗ್ ಹರಾಜಿನ (ದಿನದ ಕೊನೆಗೆ ಎಲ್ಲ ಆರ್ಡರ್ ಒಟ್ಟಿಗೆ ಹೊಂದಿಸೋದು) ಬೆಲೆ. ಟೋಕಿಯೊದಲ್ಲಿ 2024ರ ನವೆಂಬರ್ 5ರಿಂದ ವಹಿವಾಟು 3:30ರ ತನಕ ವಿಸ್ತರಿಸಿ ಅಂಥದ್ದೇ ಹರಾಜು ತಂದಿದ್ದಾರೆ. ಅಮೆರಿಕದಲ್ಲಿ ಷೇರು ಲಿಸ್ಟ್ ಆದ ಎಕ್ಸ್‌ಚೇಂಜಿನ ಅಧಿಕೃತ ಕ್ಲೋಸ್ ಒಂದು, ಎಲ್ಲ ಎಕ್ಸ್‌ಚೇಂಜ್ ಸೇರಿದ ಟೇಪ್‌ನ (ವಹಿವಾಟುಗಳ ದಾಖಲೆ) ಕೊನೇ ವಹಿವಾಟು ಇನ್ನೊಂದು. ವಾಲ್ಯೂಮ್‌ಗೂ ಇದೇ ಭೇದ ಇದೆ. ಪೂರೈಕೆದಾರರಿಗೆ ಇಮೇಲ್ ಹಾಕಿ ಯಾವುದು ಅಂತ ಕೇಳಿ. ಸ್ಪಷ್ಟವಾಗಿ ಒಂದು ಸಾಲಿನಲ್ಲಿ ಉತ್ತರ ಬಂದರೆ ಅವರಿಗೆ ತಮ್ಮ ಡೇಟಾ ಗೊತ್ತು ಅಂತ ಅರ್ಥ.

ಡಿಲಿಸ್ಟ್ ಬಗ್ಗೆ: ಖಾತೆ ಚಿಕ್ಕದೋ ದೊಡ್ಡದೋ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಇವತ್ತು ಬದುಕಿರುವ 8,000 ಷೇರುಗಳ ಪಟ್ಟಿ ತಗೊಂಡು 2005ಕ್ಕೆ ಹಿಂದೆ ಹೋದರೆ, ಮುಳುಗಿದವರನ್ನೆಲ್ಲ ಮೊದಲೇ ತೆಗೆದುಹಾಕಿದ ಕೆರೆಯಲ್ಲಿ ಈಜಿದ ಹಾಗೆ. ಬಿದ್ದದ್ದನ್ನ ಕೊಳ್ಳುವ ಪದ್ಧತಿಗಳಿಗೆ ಇದು ತೀರಾ ಕೆಟ್ಟದ್ದು, ಯಾಕಂದ್ರೆ ಬಿದ್ದು ಏಳದವು ಪಟ್ಟಿಯಲ್ಲೇ ಇಲ್ಲ. ನಿಮ್ಮದು ಮೊಮೆಂಟಂ, ಪೆಟ್ಟು ಕಡಿಮೆ, ಆದರೆ ಇದ್ದೇ ಇದೆ.

ಡಿಲಿಸ್ಟ್ ಆದವು "ಇವೆ" ಅಂದರೆ ಸಾಲದು, ಸರಣಿ ಎಲ್ಲಿ ಮುಗಿಯುತ್ತೆ ಅನ್ನೋದನ್ನೂ ನೋಡಬೇಕು. ಸಿಲಿಕಾನ್ ವ್ಯಾಲಿ ಬ್ಯಾಂಕಿನ ಮಾತೃಸಂಸ್ಥೆ ಷೇರು 2023ರ ಮಾರ್ಚ್ 9ಕ್ಕೆ 106.04 ಡಾಲರ್‌ಗೆ ಮುಗಿಯಿತು. 10ಕ್ಕೆ ವಹಿವಾಟು ನಿಂತಿತು. ಮಾರ್ಚ್ 28ಕ್ಕೆ ಒಟಿಸಿಯಲ್ಲಿ (ಎಕ್ಸ್‌ಚೇಂಜಿನ ಹೊರಗಿನ ಮಾರುಕಟ್ಟೆ) ಮತ್ತೆ ಶುರುವಾದಾಗ ಬೆಲೆ ಒಂದು ಡಾಲರ್‌ಗಿಂತ ಕೆಳಗೆ. ನಾಸ್ಡಾಕ್ ಭಾಗ ಮಾತ್ರ ಇರುವ ಡೇಟಾದಲ್ಲಿ ನಿಮ್ಮ ಬ್ಯಾಕ್‌ಟೆಸ್ಟ್ 106.04ಕ್ಕೆ ಮಾರಿ ಹೊರಬಂದಿರುತ್ತೆ. ಒಟಿಸಿ ಮುಂದುವರಿಕೆ ಇಲ್ಲದ ಕಡೆ, ನಷ್ಟದ ಕಾರಣಕ್ಕೆ ಡಿಲಿಸ್ಟ್ ಆದವುಗಳಿಗೆ ಕೊನೇ ಬೆಲೆಯಿಂದ ಇನ್ನೂ 30% ಕಳೆಯೋದು, ನಾಸ್ಡಾಕ್‌ನವಕ್ಕೆ 55% ಕಳೆಯೋದು ಸಂಶೋಧನೆ ಮಾಡುವವರಲ್ಲಿರುವ ರೂಢಿ. ವಿಲೀನವಾಗಿ ಹೋದವಕ್ಕೆ ಇದನ್ನ ಹಾಕಬೇಡಿ, ಅಲ್ಲಿ ಕೊನೇ ಬೆಲೆ ನಿಜವಾದದ್ದೇ.

ಅಗ್ಗದ ಜಾಗತಿಕ ಡೇಟಾದಲ್ಲಿ ಅಮೆರಿಕದ ಹೊರಗೆ ಡಿಲಿಸ್ಟ್ ಇತಿಹಾಸ ಅಷ್ಟು ಹಿಂದಕ್ಕೆ ಹೋಗಲ್ಲ. ಆದ್ದರಿಂದ ನನ್ನ ಸಲಹೆ: ಪದ್ಧತಿಯನ್ನ ಅಮೆರಿಕದ ಪೂರ್ತಿ ಡೇಟಾದಲ್ಲಿ (ನಾರ್ಗೇಟ್ ಅಥವಾ ಶರದಾರ್) ರೂಪಿಸಿ. ಎನ್‌ಎಸ್‌ಇಗೆ ಹಳೇ ಭಾವ್‌ಕಾಪಿಗಳೇ ಸಾಕು, ಸತ್ತ ಕಂಪನಿಗಳೂ ಆಯಾ ದಿನದ ಫೈಲಿನಲ್ಲಿ ಹಾಗೇ ಕೂತಿವೆ. ಲಂಡನ್, ಜರ್ಮನಿ, ಟೋಕಿಯೊ, ಹಾಂಗ್‌ಕಾಂಗ್‌ಗೆ ಜಾಗತಿಕ ಡೇಟಾ ತಗೊಂಡು ಸಿಗ್ನಲ್‌ಗೆ ಬಳಸಿ, ಅಲ್ಲಿನ 2005ರ ಬ್ಯಾಕ್‌ಟೆಸ್ಟ್ ಅಂಕಿಗೆ ತೂಕ ಕೊಡಬೇಡಿ.

ಟೊರೊಂಟೊ_ಕನ್ನಡಿಗ ಉತ್ತರ:

ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಕಚ್ಚಾಬೆಲೆ ಅವರೇ. ಮೂರು ಮೂಲ ಎಂದರೆ ಮೂರು ಕ್ಯಾಲೆಂಡರ್, ಮೂರು ಬಗೆಯ ಸಿಂಬಲ್, ಮೂರು ಬಗೆಯ ತಪ್ಪು. ಒಬ್ಬರೇ ನೋಡಿಕೊಳ್ಳುವುದಾದರೆ ಒಂದು ಜಾಗತಿಕ ಮೂಲ ಮತ್ತು ಭಾವ್‌ಕಾಪಿಯಿಂದ ಶುರು ಮಾಡಿ, ಆರು ತಿಂಗಳು ಸಲೀಸಾಗಿ ಓಡಿದ ಮೇಲೆ ಅಮೆರಿಕಕ್ಕೆ ಮೂರನೆಯದನ್ನು ಸೇರಿಸಲಿ. ಇತಿಹಾಸದ ಪರೀಕ್ಷೆಗೆ ನಿಮ್ಮ ಮಾತು ಪೂರ್ತಿ ಸರಿ.

ರಾತ್ರಿಪಾಳಿ ಉತ್ತರ:

ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ದುಡ್ಡು ಕಟ್ಟುವ ಮೊದಲಿನ ಪರೀಕ್ಷೆ ಮತ್ತು ಕಟ್ಟಿದ ಮೇಲೆ ಪ್ರತಿ ರಾತ್ರಿ ಮಾಡುವ ತಪಾಸಣೆ, ಎರಡನ್ನೂ ಬರೆಯುತ್ತೇನೆ.

ಪರೀಕ್ಷೆಗೆ ಸಾವಿರ ಷೇರು ಬೇಡ, ಉತ್ತರ ಮೊದಲೇ ಗೊತ್ತಿರುವ ಇಪ್ಪತ್ತು ದಿನಗಳು ಸಾಕು. ಮೇಲೆ ಬಂದ ರಿಲಯನ್ಸ್, ಎನ್‌ವಿಡಿಯಾ, ಸಿಲಿಕಾನ್ ವ್ಯಾಲಿ, ಮೆಟಾ ಈಗಾಗಲೇ ನಾಲ್ಕು. ಜೊತೆಗೆ:

ಜನರಲ್ ಎಲೆಕ್ಟ್ರಿಕ್: 2021ರ ಆಗಸ್ಟ್‌ನಲ್ಲಿ ಎಂಟಕ್ಕೆ ಒಂದು ರಿವರ್ಸ್ ಸ್ಪ್ಲಿಟ್, 2023ರ ಜನವರಿಯಲ್ಲಿ ಹೆಲ್ತ್‌ಕೇರ್ ಬೇರೆ, 2024ರ ಏಪ್ರಿಲ್‌ನಲ್ಲಿ ವರ್ನೋವಾ ಬೇರೆ. ಮೂರೂ ಸರಿಯಿದ್ದರೆ ಆ ಪೂರೈಕೆದಾರರ ಘಟನೆ ಕೋಷ್ಟಕ ಗಟ್ಟಿ.

ಕಾಸ್ಟ್‌ಕೊ: 2023ರ ಡಿಸೆಂಬರ್ 27 ಎಕ್ಸ್ ದಿನಾಂಕದ 15 ಡಾಲರ್ ವಿಶೇಷ ಡಿವಿಡೆಂಡ್. ಮಾಮೂಲಿ ಡಿವಿಡೆಂಡ್ ಮಾತ್ರ ಹಿಡಿಯುವ ಡೇಟಾದಲ್ಲಿ ಇದು ಇರುವುದಿಲ್ಲ.

ಬರ್ಕ್‌ಷೈರ್ ಎ ಷೇರು: 2024ರ ಜೂನ್ 3ಕ್ಕೆ ಎಕ್ಸ್‌ಚೇಂಜಿನ ತಾಂತ್ರಿಕ ದೋಷದಿಂದ 185.10 ಡಾಲರ್ ಎಂದು ಕಂಡಿತು, ಆ ವಹಿವಾಟುಗಳನ್ನು ಆಮೇಲೆ ರದ್ದು ಮಾಡಿದರು. ಆ ದಿನದ ಲೋ ಇವತ್ತಿಗೂ 185.10 ಇದ್ದರೆ ಇವರು ತಿದ್ದುಪಡಿಗಳನ್ನು ಹಾಕುವುದಿಲ್ಲ. ಇದೇ ಷೇರು ನಿಮ್ಮ ಡೇಟಾಬೇಸಿಗೂ ಪರೀಕ್ಷೆ. ಬೆಲೆಯನ್ನು ನಾಲ್ಕು ದಶಮಾಂಶದೊಂದಿಗೆ ಋಣಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿಟ್ಟರೆ 4,29,496.7295ಕ್ಕೆ ತುಂಬಿಹೋಗುತ್ತದೆ. 2021ರ ಮೇನಲ್ಲಿ ನಾಸ್ಡಾಕ್‌ನ ವ್ಯವಸ್ಥೆಯೇ ಈ ಮಿತಿಗೆ ತಾಗಿತ್ತು.

ಖಾಲಿ ಇರಲೇಬೇಕಾದ ದಿನಗಳು: ಟೋಕಿಯೊ 2020ರ ಅಕ್ಟೋಬರ್ 1 (ಇಡೀ ದಿನ ಯಂತ್ರ ನಿಂತಿತ್ತು), ನ್ಯೂಯಾರ್ಕ್ 2012ರ ಅಕ್ಟೋಬರ್ 29 ಮತ್ತು 30, 2025ರ ಜನವರಿ 9, ಎನ್‌ಎಸ್‌ಇ 2024ರ ಜನವರಿ 22. ಅಲ್ಲಿ ಸಾಲು ಇದ್ದರೆ ಹಿಂದಿನ ದಿನದ ಬೆಲೆಯನ್ನು ನಕಲು ಮಾಡಿ ತುಂಬಿದ್ದಾರೆ. ಇರಲೇಬೇಕಾದ ದಿನಗಳು: ಎನ್‌ಎಸ್‌ಇ 2024ರ ಜನವರಿ 20, ಮಾರ್ಚ್ 2, ಮೇ 18, 2025ರ ಫೆಬ್ರವರಿ 1, ಎಲ್ಲವೂ ಶನಿವಾರ, ಮತ್ತು 2023ರ ನವೆಂಬರ್ 12ರ ದೀಪಾವಳಿ ಮುಹೂರ್ತ ವಹಿವಾಟು, ಭಾನುವಾರ. ಶನಿವಾರ ಭಾನುವಾರವನ್ನು ಕಣ್ಣುಮುಚ್ಚಿ ಎಸೆಯುವ ಕೋಡ್ ಇವನ್ನು ನುಂಗುತ್ತದೆ.

ಇನ್ಫೋಸಿಸ್ ಎಡಿಆರ್ (ಅಮೆರಿಕದಲ್ಲಿ ವಹಿವಾಟಾಗುವ ಅದೇ ಕಂಪನಿಯ ಷೇರುಪತ್ರ) ಮತ್ತು ಎನ್‌ಎಸ್‌ಇ ಷೇರನ್ನು ಜೋಡಿಯಾಗಿ ನೋಡಿ. 2018ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೊಂದು ಬೋನಸ್. ಎರಡು ಕಡೆ ಎಕ್ಸ್ ದಿನ ಒಂದೇ ಆಗಿರಬೇಕೆಂದಿಲ್ಲ, ಏಕೆಂದರೆ ಅಮೆರಿಕದಲ್ಲಿ 25% ಅಥವಾ ಹೆಚ್ಚಿನ ಷೇರು ವಿತರಣೆಗೆ ಎಕ್ಸ್ ದಿನ ಬರುವುದು ವಿತರಣೆಯ ಮಾರನೇ ವಹಿವಾಟು ದಿನ. ಒಂದು ಕಡೆಯ ದಿನಾಂಕವನ್ನು ಇನ್ನೊಂದು ಕಡೆಗೆ ನಕಲಿಸುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಈಗ ದಿನನಿತ್ಯದ್ದು. ಭಾರತೀಯ ಕಾಲಮಾನದಲ್ಲಿ ಟೋಕಿಯೊ ಮಧ್ಯಾಹ್ನ 12ಕ್ಕೆ, ಹಾಂಗ್‌ಕಾಂಗ್ 1:40ರ ಒಳಗೆ, ಎನ್‌ಎಸ್‌ಇ 3:30ರ ಆಸುಪಾಸು, ಲಂಡನ್ ಮತ್ತು ಫ್ರಾಂಕ್‌ಫರ್ಟ್ ಹರಾಜು ಸೇರಿ ಬೇಸಿಗೆಯಲ್ಲಿ ರಾತ್ರಿ 9:05, ಚಳಿಗಾಲದಲ್ಲಿ 10:05, ನ್ಯೂಯಾರ್ಕ್ 1:30 ಅಥವಾ 2:30. ಮುಚ್ಚಿದ ತಕ್ಷಣ ಎಳೆಯಬೇಡಿ, ತಿದ್ದುಪಡಿಗಳು ಬರಲು ಎರಡು ಮೂರು ಗಂಟೆ ಬಿಡಿ. ಬೆಳಗ್ಗೆ 6ಕ್ಕೆ ಒಂದೇ ಸಲ ಎಲ್ಲವನ್ನೂ ಎಳೆಯುವುದು ಸರಳ. ಪ್ರತಿ ದಿನ ಹಿಂದಿನ ಐದು ದಿನಗಳನ್ನೂ ಮತ್ತೆ ಎಳೆದು ಹೋಲಿಸಿ, ಬದಲಾದ ಸಾಲುಗಳನ್ನು ದಾಖಲಿಸಿ. ಸಾಲಿನ ಜೊತೆ ಇಳಿಸಿಕೊಂಡ ಸಮಯವೂ ಇರಲಿ.

ಕೋಷ್ಟಕಕ್ಕೆ ಸೇರಿಸುವ ಮುಂಚೆ: ಹೈ ಉಳಿದ ಮೂರಕ್ಕಿಂತ ಕಡಿಮೆ ಇರಬಾರದು, ಲೋ ಹೆಚ್ಚಿರಬಾರದು. ಎಕ್ಸ್‌ಚೇಂಜಿನ ಸಾಲುಗಳ ಸಂಖ್ಯೆ ನಿನ್ನೆಗಿಂತ 3% ಕಡಿಮೆಯಾದರೆ ನಿಲ್ಲಿಸಿ. ಐದೂ ಅಂಕಿ ನಿನ್ನೆಯದೇ ಇದ್ದರೆ ಹಳಸಿದ ಸಾಲು. ಘಟನೆ ಕೋಷ್ಟಕದಲ್ಲಿ ಏನೂ ಇಲ್ಲದೆ 40%ಕ್ಕಿಂತ ಹೆಚ್ಚು ಜಿಗಿದರೆ ಆ ಷೇರನ್ನು ಮಾತ್ರ ಬದಿಗಿಡಿ. ಜಿಗಿತದ ಅನುಪಾತ 2, 5, 10ಕ್ಕೆ ಹತ್ತಿರವಿದ್ದರೆ ತಪ್ಪಿಹೋದ ಸ್ಪ್ಲಿಟ್, 100ಕ್ಕೆ ಹತ್ತಿರವಿದ್ದರೆ ಪೆನ್ಸ್-ಪೌಂಡ್ ಗೊಂದಲ. ಈ ತಪಾಸಣೆ ವಿಫಲವಾದರೆ ಅಂದು ಸಿಗ್ನಲ್ ತಯಾರಾಗಲೇಬಾರದು. ಅರ್ಧ ಡೇಟಾದ ಮೇಲೆ ರ್‍ಯಾಂಕ್ ಮಾಡಿದರೆ ಬಾರದ ಷೇರುಗಳೆಲ್ಲ "ಮಾರು" ಪಟ್ಟಿಗೆ ಹೋಗುತ್ತವೆ.

ಜಾಗದ ಚಿಂತೆ ಬೇಡ. 8,000 ಷೇರು, ವರ್ಷಕ್ಕೆ 250 ದಿನ, 20 ವರ್ಷ ಅಂದರೆ 4 ಕೋಟಿ ಸಾಲು, ಐದು ಕಾಲಂ ಎಂಟೆಂಟು ಬೈಟ್‌ನಲ್ಲಿ 1.6 ಜಿಬಿ. ಪಾರ್ಕೆಯಲ್ಲಿ ಅದಕ್ಕಿಂತ ಕಡಿಮೆ.

ಡಿವಿಡೆಂಡ್ ಗುಣಕ ಪೂರ್ತಿ ಮೊತ್ತವನ್ನು ಹಿಡಿಯುತ್ತದೆ. ಭಾರತದ ನಿವಾಸಿಗೆ ಅಮೆರಿಕದಲ್ಲಿ 25% ಕಡಿತವಾಗುತ್ತದೆ, ಬ್ರಿಟನ್‌ನ ಸಾಮಾನ್ಯ ಕಂಪನಿಗಳಲ್ಲಿ ಕಡಿತವಿಲ್ಲ. ಮಾರುಕಟ್ಟೆಗಳನ್ನು ಪರಸ್ಪರ ಹೋಲಿಸುವುದಾದರೆ ಗುಣಕದಲ್ಲಿ ಡಿವಿಡೆಂಡನ್ನು ಅಷ್ಟು ಇಳಿಸಿ ಲೆಕ್ಕ ಹಾಕಿ.

ಸಂಜೆಭಾವ:

ಪರೀಕ್ಷೆಯ ಪಟ್ಟಿ ಇಂದೇ ಬರೆದಿಟ್ಟುಕೊಳ್ಳುತ್ತೇನೆ. ಒಂದು ತಿಂಗಳ ಚಂದಾ ಮಾತ್ರ ಮೊದಲು ತೆಗೆದುಕೊಳ್ಳುವ ಯೋಚನೆ. ಯಾವ ತಿಂಗಳಾದರೂ ಆಗುತ್ತದೆಯೇ?

ರಾತ್ರಿಪಾಳಿ ಉತ್ತರ:

ಸಾಧ್ಯವಾದರೆ ಮಾರ್ಚ್. ಅಮೆರಿಕ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ ತಿರುಗಿಸುತ್ತದೆ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡರ ಅಂತರ ಬೇರೆಯಾಗುವುದರಿಂದ ಸಮಯದ ತಪ್ಪುಗಳೆಲ್ಲ ಆಗಲೇ ಹೊರಬೀಳುತ್ತವೆ. ಜಪಾನಿನ ಬಹುಪಾಲು ಕಂಪನಿಗಳ ರೆಕಾರ್ಡ್ ದಿನ (ಡಿವಿಡೆಂಡ್ ಯಾರಿಗೆಂದು ಷೇರುದಾರರ ಪಟ್ಟಿ ನೋಡುವ ದಿನ) ಮಾರ್ಚ್ 31, ಅದು ವಹಿವಾಟಿನ ದಿನವಾಗಿದ್ದರೆ ಹಿಂದಿನ ವಹಿವಾಟು ದಿನವೇ ಎಕ್ಸ್ ದಿನ. ಅಂದು ಟೋಕಿಯೊದಲ್ಲಿ ಸಾವಿರಾರು ಡಿವಿಡೆಂಡ್ ಒಟ್ಟಿಗೆ ಬರುತ್ತವೆ, ಅದೂ ಅಂದಾಜು ಮೊತ್ತದಲ್ಲಿ. ಖಚಿತ ಮೊತ್ತ ಕಂಪನಿಗಳು ಫಲಿತಾಂಶ ಕೊಟ್ಟಮೇಲೆ, ಹೆಚ್ಚಾಗಿ ಮೇನಲ್ಲಿ. ಹಾಗಾಗಿ ಏಪ್ರಿಲ್ 1ಕ್ಕೆ ಘಟನೆ ಕೋಷ್ಟಕದ ಒಂದು ಪ್ರತಿ ತೆಗೆದಿಡಿ, ಜೂನ್ 1ಕ್ಕೆ ಇನ್ನೊಂದು ತಿಂಗಳ ಚಂದಾ ಕಟ್ಟಿ ಮತ್ತೊಮ್ಮೆ ಇಳಿಸಿ ಹೋಲಿಸಿ. ಒಂದು ಅಂಕಿಯೂ ಬದಲಾಗಿರದಿದ್ದರೆ ಅವರು ಅಂದಾಜನ್ನೇ ಬಿಟ್ಟುಬಿಟ್ಟಿದ್ದಾರೆ.

ಕಟ್ಟುವ ಮುಂಚೆ ಒಪ್ಪಂದದಲ್ಲಿ ಎರಡು ಸಾಲು ಹುಡುಕಿ ಓದಿ: ಚಂದಾ ನಿಲ್ಲಿಸಿದ ಮೇಲೆ ಇಳಿಸಿಕೊಂಡ ಇತಿಹಾಸ ಇಟ್ಟುಕೊಳ್ಳಬಹುದೇ ಅಥವಾ ಅಳಿಸಬೇಕೇ, ಮತ್ತು ವೈಯಕ್ತಿಕ ಬಳಕೆ ಎಂದರೆ ಏನು. ಟೆಲಿಗ್ರಾಂ ಗುಂಪಿಗೆ ದಿನವೂ ಬೆಲೆಯ ಪಟ್ಟಿ ಹಾಕುವುದು ಸಾಮಾನ್ಯವಾಗಿ ಮರುವಿತರಣೆ ಎಂದೇ ಲೆಕ್ಕ, ಅದಕ್ಕೆ ಬೇರೆ ಪರವಾನಗಿ ಬೇಕು.